ಐಡಾ ಸ್ಕಡರ್ ರೋಡಲ್ಲಿ ಹನ್ನೊಂದು ದಿನ

ವೆಲ್ಲೂರಲ್ಲಿ ನಾವು ಉಳ್ಕೊಂಡಿದ್ದ ಲಾಡ್ಜಿನ ಬಿಲ್ಲು ಇನ್ನೂ ನನ್ನ ಹಳೇ ಹ್ಯಾಂಡ್‌ಬ್ಯಾಗಲ್ಲಿದೆ, ಮೊನ್ನೆ ಏನೋ ಹುಡುಕ್ತಿದ್ದಾಗ ಕೈಗೆ ಸಿಕ್ತು. ಹನ್ನೊಂದು ದಿನ, ಡಬಲ್ ರೂಮು, ಎಕ್ಸ್‌ಟ್ರಾ ಹಾಸಿಗೆ ಒಂದು, ಬಿಸಿನೀರಿನ ಬಕೆಟ್ಟಿಗೆ ಬೇರೆ ಚಾರ್ಜು. ಮೇಲ್ಗಡೆ ವಿಳಾಸ, ಐಡಾ ಸ್ಕಡರ್ ರೋಡ್. ಅಲ್ಲಿದ್ದ ಮೊದಲ ಎರಡು ದಿನ ಅದು ಯಾರೋ ಬ್ರಿಟಿಷ್ ಕಲೆಕ್ಟರ್ ಹೆಂಡ್ತಿ ಹೆಸರಿರ್ಬೇಕು ಅಂದ್ಕೊಂಡಿದ್ದೆ, ನಮ್ ಬೆಂಗಳೂರಲ್ಲಿ ಕನ್ನಿಂಗ್‌ಹ್ಯಾಮ್ ರೋಡು ಲ್ಯಾವೆಲ್ ರೋಡು ಇಲ್ವಾ, ಹಂಗೆ. ಆಮೇಲೆ ನೋಡಿದ್ರೆ ನಾವು ಹುಡ್ಕೊಂಡು ಬಂದಿದ್ದ ಆಸ್ಪತ್ರೆ ಶುರು ಮಾಡಿದ್ದೇ ಆಯಮ್ಮ. ಅಮೆರಿಕದೋರು.

ಕೋಲಾರದ ಕಡೆಯೋರಿಗೆ ಸಿಎಂಸಿ, ಅಂದ್ರೆ ವೆಲ್ಲೂರಿನ ಆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆ, ಅದರ ಬಗ್ಗೆ ಹೇಳ್ಬೇಕಾದ್ದು ಏನಿಲ್ಲ. "ವೆಲ್ಲೂರಿಗೆ ಕರ್ಕೊಂಡ್ ಹೋದ್ರಂತೆ" ಅಂದ್ರೆ ಖಾಯಿಲೆ ಸ್ವಲ್ಪ ಜೋರಾಗೇ ಇದೆ ಅಂತ ಊರೋರು ಅರ್ಥ ಮಾಡ್ಕೊಳ್ತಾರೆ. ಬಂಗಾರಪೇಟೇಲಿ ಟ್ರೈನ್ ಹತ್ತಿ ಕಾಟ್ಪಾಡೀಲಿ ಇಳಿದು ಆಟೋದೋನ ಜೊತೆ ಜಗಳ ಆಡ್ಕೊಂಡು ಹೋಗೋದು. 2022ರಲ್ಲಿ ನಾವೂ ಹಂಗೇ ಹೋದ್ವಿ, ಅಮ್ಮ, ನಾನು, ನನ್ನ ಸೋದರಮಾವ. ಅಮ್ಮಂಗೆ ಗರ್ಭಕೋಶದ ಆಪರೇಷನ್ನು. ರೋಡಿನ ತುಂಬ ಬಂಗಾಳಿ ಬೋರ್ಡು, ಬಂಗಾಳಿ ಊಟ, ಕಲ್ಕತ್ತಾ ಕಡೆಯಿಂದ ಒಂದೂವರೆ ದಿನ ಟ್ರೈನಲ್ಲಿ ಕೂತು ಬಂದಿರೋ ಜನ ಫೈಲು ಹಿಡ್ಕೊಂಡು ಓಡಾಡ್ತಿರ್ತಾರೆ. ಮುದ್ದೆ ಎಲ್ಲೂ ಸಿಗಲ್ಲ ಅನ್ನೋದೊಂದೇ ಅಮ್ಮನ ಕಂಪ್ಲೇಂಟು.

ಎರಡನೇ ರಾತ್ರಿ ಮಾವ ಮೊಬೈಲ್ ನೋಡ್ತಾ ಮಲ್ಗಿದ್ದೋರು ಇದ್ದಕ್ಕಿದ್ದಂಗೆ ಅಂದ್ರು, "ಇವ್ರೆಲ್ಲ ಅಷ್ಟು ದೂರದಿಂದ ಬಂದು ಇಷ್ಟು ದೊಡ್ಡದು ಯಾಕ್ ಕಟ್ಟಿದ್ರು ಗೊತ್ತೇನೇ? ನಮ್ಮೋರನ್ನ ಅವರ ಕಡೆ ಸೇರಿಸ್ಕೊಳ್ಳೋಕೆ. ಸುಮ್ನೆ ಯಾರಾದ್ರೂ ಮಾಡ್ತಾರಾ?" ನಮ್ ರಾಜ್ಯದಲ್ಲಿ ಮತಾಂತರ ಕಾನೂನಿನ ಗಲಾಟೆ ಜೋರಾಗಿದ್ದ ವರ್ಷ ಅದು, ಫ್ಯಾಮಿಲಿ ಗ್ರೂಪಲ್ಲಿ ದಿನಾ ಅದೇ. "ಮಾವ, ನಾಳೆ ಬೆಳಿಗ್ಗೆ ಅವರ ಕೈಲೇ ನಿಮ್ಮ ಅಕ್ಕನ ಹೊಟ್ಟೆ ಕುಯ್ಸೋಕೆ ಹೊರಟಿದೀವಿ, ಇವತ್ತೊಂದಿನ ಸುಮ್ನಿರಿ" ಅಂದೆ. ಅವರು ನಕ್ಕು ಆ ಕಡೆ ತಿರುಗಿ ಮಲಗಿದ್ರು. ಆದ್ರೆ ಅದು ಉತ್ತರ ಆಗ್ಲಿಲ್ಲ ಅಂತ ನಂಗೂ ಗೊತ್ತಿತ್ತು, ಬಾಯಿ ಮುಚ್ಚಿಸೋದು ಬೇರೆ, ಉತ್ತರ ಕೊಡೋದು ಬೇರೆ. ಯಾಕ್ ಬಂದ್ರು? ನಿಜವಾಗ್ಲೂ, ಯಾಕೆ? ಅದು ತಲೇಲಿ ಕೂತಿದ್ದು ಇನ್ನೂ ಎದ್ದಿಲ್ಲ.

ಅಮ್ಮನ ವಿಷಯ ಸ್ವಲ್ಪ ಹೇಳ್ಬೇಕು. ಎಂಟು ತಿಂಗಳಿಂದ ಬ್ಲೀಡಿಂಗ್ ಆಗ್ತಿತ್ತು, ಮುಟ್ಟು ನಿಂತು ಆರು ವರ್ಷ ಆದ್ಮೇಲೆ. ಯಾರಿಗೂ ಹೇಳಿರ್ಲಿಲ್ಲ. ಊರಲ್ಲಿ ಡಾಕ್ಟ್ರು ಇಲ್ಲ ಅಂತಲ್ಲ, ಇದ್ರು, ನಮ್ಮಪ್ಪನ ಬಿಪಿ ಹತ್ತು ವರ್ಷದಿಂದ ನೋಡ್ಕೊಳ್ತಿದ್ದೋರು, ಮನೆಗೂ ಬಂದು ಹೋಗ್ತಿದ್ದೋರು, ಅದೇ ತೊಂದರೆ ಆಗಿದ್ದು. "ಅವರ ಮುಂದೆ ಹೆಂಗೆ ಹೇಳ್ಲಿ, ಸಂಕ್ರಾಂತಿಗೆ ಎಳ್ಳು ಬೀರಿರೋ ಮನೆ" ಅಂದ್ಲು ಆಮೇಲೆ. ಫೋನಲ್ಲಿ ನಂಗೆ ಎಷ್ಟೋ ಸಲ "ಯಾಕೋ ಸುಸ್ತು ಕಣೇ" ಅಂದಿದ್ಲು. ನಾನು ರಾಗಿ ಗಂಜಿ ಕುಡಿ, ಖರ್ಜೂರ ತಿನ್ನು ಅಂತ ಹೇಳಿ ಮೀಟಿಂಗಿಗೆ ಜಾಯಿನ್ ಆಗ್ತಿದ್ದೆ. ವೆಲ್ಲೂರಿನ ಓಪಿಡಿಯಲ್ಲಿ ನಂಬರ್ ಬರೋ ತನಕ ಅಮ್ಮ ನನ್ನ ಕೇಳಿದ್ದು ಒಂದೇ ಪ್ರಶ್ನೆ, ಮೂರ್ನಾಲ್ಕು ಸಲ: "ಲೇಡಿ ಡಾಕ್ಟ್ರೇ ತಾನೇ?"

ಆಪರೇಷನ್ ದಿನ ಬೆಳಿಗ್ಗೆ ಸ್ಟ್ರೆಚರ್ ಮೇಲೆ ಮಲಗಿಸಿದ್ರು. ತಾಳಿ, ಬಳೆ, ಕಾಲುಂಗುರ ಎಲ್ಲ ಬಿಚ್ಚಿ ನನ್ನ ಕರ್ಚೀಫಲ್ಲಿ ಗಂಟು ಕಟ್ಕೊಂಡಿದ್ದೆ. ಹಸಿರು ಗೌನು, ತಲೆಗೆ ಟೋಪಿ, ಅಮ್ಮ ಇಷ್ಟೇ ಇಷ್ಟು ಆಗ್ಬಿಟ್ಟಿದ್ಲು. ಒಬ್ಳು ನರ್ಸು, ಇಪ್ಪತ್ತೆರಡು ಇಪ್ಪತ್ಮೂರು ಇರ್ಬೇಕು, ಕೇರಳದ ಕಡೆ ಹುಡುಗಿ, ಬಗ್ಗಿ ತಮಿಳಲ್ಲಿ ಕೇಳಿದ್ಲು, "ಪ್ರೇಯರ್ ಪಣ್ಣಲಾಮಾ ಅಮ್ಮಾ?" ಅಮ್ಮಂಗೆ ಕನ್ನಡ ತೆಲುಗು ಬಿಟ್ರೆ ಬೇರೆ ಬರಲ್ಲ, ಆದ್ರೆ ಪ್ರೇಯರ್ ಅನ್ನೋದು ಅರ್ಥ ಆಯ್ತು, ತಲೆ ಆಡಿಸಿದ್ಲು. ಆ ಹುಡುಗಿ ಅಮ್ಮನ ಕೈ ಹಿಡ್ಕೊಂಡು ಕಣ್ಣು ಮುಚ್ಚಿ ಏನೋ ಹೇಳೋಕೆ ಶುರು ಮಾಡಿದ್ಲು, ಮಲಯಾಳಂ ಇರ್ಬೇಕು, ಮೆತ್ತಗೆ, ಅವಸರ ಇಲ್ದೆ. ಅಷ್ಟರಲ್ಲಿ ಇನ್ನೊಬ್ರು ಬಂದು ನನ್ನ ಕೈಗೆ ಕನ್ಸೆಂಟ್ ಫಾರ್ಮು ಕೊಟ್ರು, ಸಂಬಂಧ ಅನ್ನೋ ಜಾಗದಲ್ಲಿ ಮಗಳು ಅಂತ ಬರೀತಾ ಇದ್ದೆ. ತಲೆ ಎತ್ತೋ ಅಷ್ಟರಲ್ಲಿ ಸ್ಟ್ರೆಚರ್ ತಿರುವಲ್ಲಿ ಮರೆ ಆಗಿತ್ತು.

ಮೂರು ಸಲ ಬಾಗಿಲು ತಟ್ಟಿದ್ದು

ನಾಲ್ಕು ಗಂಟೆ ಕಾಯ್ಬೇಕಿತ್ತು. ಮೊಬೈಲಲ್ಲಿ ಐಡಾ ಸ್ಕಡರ್ ಅಂತ ಹುಡುಕಿದ್ದು ಆವಾಗ್ಲೇ. ಆ ಕಥೆ ಗೊತ್ತಿರೋರು ಗೊತ್ತಿರೋರೇ, ಆದ್ರೂ ನನ್ನ ರೀತೀಲಿ ಹೇಳ್ತೀನಿ.

1870ರಲ್ಲಿ ರಾಣಿಪೇಟೇಲಿ ಹುಟ್ಟಿದ್ದು, ವೆಲ್ಲೂರಿಗೆ ಹತ್ರಾನೇ. ಅಪ್ಪ ಮಿಷನರಿ ಡಾಕ್ಟ್ರು, ತಾತ ಮಿಷನರಿ ಡಾಕ್ಟ್ರು, ದೊಡ್ಡಪ್ಪ ಚಿಕ್ಕಪ್ಪಂದಿರೂ ಮಿಷನ್ ಕೆಲಸದೋರೇ. ಆಯಮ್ಮ ಆರೇಳು ವರ್ಷದ ಮಗು ಆಗಿದ್ದಾಗ ದೊಡ್ಡ ಬರ ಬಂತು, ನಮ್ಮ ಹಿರಿಯರು ಧಾತು ಈಶ್ವರ ಬರ ಅಂತಿದ್ರಲ್ಲ, ಅದೇ, ಮೈಸೂರು ಸೀಮೆ ಮದ್ರಾಸು ಸೀಮೆ ಎರಡನ್ನೂ ನುಂಗಿದ ಬರ. ಕೈಯೆತ್ತೋಕೂ ಶಕ್ತಿ ಇಲ್ಲದ ಮಕ್ಕಳ ಬಾಯಿಗೆ ಬ್ರೆಡ್ಡಿನ ಚೂರು ಇಡೋ ಕೆಲಸ ಈ ಪುಟ್ಟ ಹುಡುಗಿಗೆ. ಆಮೇಲೆ ಅಮೆರಿಕಕ್ಕೆ ಹೋದ್ಲು, ಅಪ್ಪ ಅಮ್ಮ ಇವಳನ್ನ ನೆಂಟರ ಮನೇಲಿ ಬಿಟ್ಟು ಮತ್ತೆ ಇಂಡಿಯಾಗೆ ಬಂದ್ಬಿಟ್ರು. ಇಂಡಿಯಾ ಅಂದ್ರೆ ಅವಳಿಗೆ ಆಗ್ತಿರ್ಲಿಲ್ಲ ಅಂದ್ರೆ ಆಶ್ಚರ್ಯ ಏನು? ಹಸಿವು, ಧೂಳು, ಮೇಲಾಗಿ ಅಮ್ಮನ್ನ ಕಿತ್ಕೊಂಡ ದೇಶ. ನಾನಂತೂ ಮಿಷನರಿ ಆಗಲ್ಲ ಅಂತ ಖಡಾಖಂಡಿತ ಹೇಳ್ಕೊಂಡು ತಿರುಗ್ತಿದ್ಲು. ಭಕ್ತಿ ಉಕ್ಕಿ ಹರಿದು ಹಡಗು ಹತ್ತಿದ ಹೆಣ್ಣುಮಗಳು ಇವಳಲ್ಲ. ತಿಂಡಿವನಂನಲ್ಲಿ ಅಮ್ಮಂಗೆ ಹುಷಾರಿಲ್ಲ ಅಂತ ನೋಡ್ಕೊಳ್ಳೋಕೆ ವಾಪಸ್ ಬಂದಿದ್ದು, ಸ್ವಲ್ಪ ದಿನ ಇದ್ದು ಹೋಗೋಣ ಅಂತ.

ಆ ರಾತ್ರಿ. ಇವಳು ದೀಪ ಹಚ್ಕೊಂಡು ಕೂತಿದಾಳೆ. ಒಬ್ಬ ಬ್ರಾಹ್ಮಣ ಹುಡುಗ ಬಂದು ನಿಂತ, ಹೆಂಡ್ತಿಗೆ ಹೆರಿಗೆ ನೋವು, ಸೂಲಗಿತ್ತಿ ಕೈಲಿ ಆಗಲ್ಲ ಅಂದ್ಲು, ಬನ್ನಿ. ನಾನು ಡಾಕ್ಟ್ರಲ್ಲ, ನಮ್ಮಪ್ಪ ಡಾಕ್ಟ್ರು, ಕರ್ಕೊಂಡು ಹೋಗಿ ಅಂದ್ಲು. ಅವನು, ಗಂಡಸು ನಮ್ಮ ಹೆಂಗಸರ ಕೋಣೆಗೆ ಬರೋ ಹಂಗಿಲ್ಲ, ಅದಕ್ಕಿಂತ ಸಾಯೋದೇ ವಾಸಿ ಅಂತ ಹೊರಟೋದ. ಸ್ವಲ್ಪ ಹೊತ್ತಿಗೆ ಒಬ್ಬ ಮುಸ್ಲಿಂ, ಅದೇ ಮಾತು. ಮತ್ತೊಬ್ಬ, ಮೇಲ್ಜಾತಿ ಹಿಂದೂ, ಅದೇ ಮಾತು. ಮೂರು ಜನಕ್ಕೂ ಇವಳು ಅಪ್ಪನ್ನ ತೋರಿಸಿದ್ಲು, ಮೂರು ಜನವೂ ತಲೆ ಅಲ್ಲಾಡಿಸಿ ಕತ್ತಲಲ್ಲಿ ಹೋದ್ರು. ಇವಳು ನಿದ್ದೆ ಮಾಡ್ಲಿಲ್ಲ. ಬೆಳಿಗ್ಗೆ ಊರ ಕಡೆಯಿಂದ ತಮಟೆ ಸದ್ದು ಬಂತು. ಆಳನ್ನ ಕಳ್ಸಿ ವಿಚಾರಿಸಿದ್ಲು. ಮೂರು ಹೆಣ್ಮಕ್ಕಳೂ ತೀರಿಹೋಗಿದ್ರು.

ಓದಿದ ತಕ್ಷಣ ನಂಗೆ ಅನುಮಾನ ಬಂದಿದ್ದು ನಿಜ. ಒಂದೇ ರಾತ್ರಿ, ಮೂರು ಸಲ, ಮೂರು ಬೇರೆ ಬೇರೆ ಜಾತಿ, ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ಆಫೀಸಲ್ಲಿ ನನ್ನ ಪಕ್ಕ ಕೂರೋ ಫ್ರೆಂಡು, ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿಗೆ ಹೋದೋಳು, ಅವಳಿಗೆ ಆಮೇಲೆ ಇದನ್ನ ಹೇಳ್ದಾಗ ನಕ್ಲು. "ಸಮುವೇಲನ ಕಥೆ ಗೊತ್ತಾ ನಿಂಗೆ? ಹುಡುಗ ದೇವಾಲಯದಲ್ಲಿ ಮಲಗಿರ್ತಾನೆ, ರಾತ್ರಿ ಯಾರೋ ಹೆಸರು ಹಿಡಿದು ಕೂಗ್ತಾರೆ, ಗುರು ಕೂಗಿದ್ರು ಅಂತ ಎದ್ದು ಓಡ್ತಾನೆ, ನಾನು ಕೂಗಿಲ್ಲ ಮಲ್ಕೋ ಅಂತಾರೆ ಗುರು. ಹಿಂಗೇ ಮೂರು ಸಲ. ಆಮೇಲೆ ಗೊತ್ತಾಗುತ್ತೆ ಕೂಗಿದ್ದು ದೇವರು ಅಂತ. ನಾವೆಲ್ಲ ಆ ಕಥೆ ಕೇಳ್ಕೊಂಡೇ ಬೆಳೆದೋರು, ಮೂರನೇ ಸಲ ಕೂಗಿದ್ರೆ ಮೈ ಝುಂ ಅನ್ನುತ್ತೆ."

ನನ್ನ ಅನುಮಾನಕ್ಕಿಂತ ಇದು ದೊಡ್ಡದು ಅನ್ನಿಸ್ತು. ಅವತ್ತು ತಿಂಡಿವನಂನಲ್ಲಿ ಆಗಿದ್ದು ಅವತ್ತಿನ ಕಾಲಕ್ಕೆ ಹೊಸದೇನಲ್ಲ. ಹೆರಿಗೇಲಿ ಹೆಂಗಸರು ಸಾಯೋದು ಎಲ್ಲ ಊರಲ್ಲೂ ಇತ್ತು, ನಮ್ಮ ಮುತ್ತಜ್ಜಿಯ ಅಕ್ಕ ಹಂಗೇ ಹೋಗಿದ್ದು, ಮನೇಲಿ "ಅವಳ ಋಣ ಅಷ್ಟೇ ಇತ್ತು" ಅಂತ ಒಂದು ಮಾತಲ್ಲಿ ಮುಗಿಸ್ತಾರೆ. ಆ ಮಾತಲ್ಲಿ ಕ್ರೂರತನ ಇಲ್ಲ, ದುಃಖ ನುಂಗ್ಕೊಳ್ಳೋಕೆ ನಮ್ಮೋರಿಗೆ ಇದ್ದ ದಾರಿ ಅದು. ಆದ್ರೆ ಆ ಮಾತಿನ ಮುಂದೆ ಇನ್ನೇನೂ ಮಾಡೋಕಿಲ್ಲ. ಐಡಾ ಬೆಳೆದ ಮನೇಲಿ ಬೇರೆ ಮಾತಿತ್ತು. ರಾತ್ರಿ ಹೊತ್ತು ಬಾಗಿಲು ತಟ್ಟಿದ್ರೆ ಅದು ನಿನಗೇ ತಟ್ಟಿದ್ದು ಅಂತ ಕೇಳಿಸ್ಕೊಳ್ಳೋ ಕಿವಿ ಅವಳಿಗೆ ಚಿಕ್ಕಂದಿನಿಂದ ಬಂದಿತ್ತು, ಅವಳಿಗೆ ಬೇಡ ಅಂದ್ರೂ. ಓಡಿಹೋಗೋಕೆ ಅಂತ ಎಲ್ಲ ರೆಡಿ ಮಾಡ್ಕೊಂಡಿದ್ದ ಹುಡುಗಿ ಬೆಳಿಗ್ಗೆ ಅಪ್ಪ ಅಮ್ಮನ ಹತ್ರ ಹೋಗಿ ನಾನು ಡಾಕ್ಟರ್ ಓದ್ತೀನಿ, ವಾಪಸ್ ಬರ್ತೀನಿ ಅಂದ್ಲು. ನಂಬಿಕೆ ಅಂದ್ರೆ ಒಳಗಿಂದ ಉರಿಯೋ ಬೆಂಕಿ ಥರ ಅಂತ ನಾನು ಅಂದ್ಕೊಂಡಿದ್ದೆ. ಇದು ನೋಡಿದ್ರೆ ಹೆಚ್ಚು ಕಮ್ಮಿ ಸಿಕ್ಕಿಬಿದ್ದ ಹಂಗಿದೆ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಬಂದು ವಾಪಸ್ ಹೋದ ಆ ಮೂರು ಗಂಡಂದಿರೂ ನಂಬಿಕೆಯೋರೇ. ಹೆಂಡ್ತಿ ಮೇಲೆ ಪ್ರೀತಿ ಇಲ್ದೆ ಇದ್ದಿದ್ರೆ ರಾತ್ರಿ ಹೊತ್ತಲ್ಲಿ ಪರಂಗಿಯೋರ ಮನೆಗೆ ಓಡ್ಕೊಂಡು ಬರ್ತಿರ್ಲಿಲ್ಲ. ಬಂದ್ರು, ಬೇಡ್ಕೊಂಡ್ರು, ಅವರವರ ಧರ್ಮ ಹೇಳಿದ ಗೆರೆ ಹತ್ರ ಬಂದು ನಿಂತ್ರು, ದಾಟೋಕಾಗ್ಲಿಲ್ಲ. ಅವರನ್ನ ಬೈಯೋಕೆ ಹೊರಟಾಗೆಲ್ಲ ನಂಗೆ ನಮ್ಮಮ್ಮನ ಎಂಟು ತಿಂಗಳು ನೆನಪಾಗುತ್ತೆ. ಅವಳಿಗೆ ಯಾರೂ ಗೆರೆ ಹಾಕಿರ್ಲಿಲ್ಲ, ತಾನೇ ಹಾಕ್ಕೊಂಡು ಕೂತಿದ್ಲು.

ಮಾವ ಹೇಳಿದ್ದು ಸುಳ್ಳೂ ಅಲ್ಲ

ಈಗ ಮಾವನ ವಿಷಯಕ್ಕೆ ಬರೋಣ. ಓದ್ತಾ ಓದ್ತಾ ಅವರ ಕಡೆ ಪಾಯಿಂಟುಗಳೂ ಸಿಕ್ವು. ಐಡಾ ತಾತ ಜಾನ್ ಸ್ಕಡರ್, ನ್ಯೂಯಾರ್ಕಲ್ಲಿ ಒಳ್ಳೆ ಪ್ರಾಕ್ಟೀಸು ಇದ್ದ ಡಾಕ್ಟ್ರು. ಒಬ್ಬ ಪೇಶೆಂಟ್ ಮನೆಗೆ ಹೋದಾಗ ಅಲ್ಲಿ ಮೇಜಿನ ಮೇಲಿದ್ದ ಒಂದು ಪುಟ್ಟ ಪುಸ್ತಕ ಓದಿ ತಲೆ ಕೆಟ್ಟು 1819ರಲ್ಲಿ ಹೆಂಡ್ತಿ ಮಗು ಕರ್ಕೊಂಡು ಸಿಲೋನಿಗೆ ಹಡಗು ಹತ್ತಿದ್ರು. ಆ ಪುಸ್ತಕದಲ್ಲಿ ಖಾಯಿಲೆ ಬಗ್ಗೆ ಇರ್ಲಿಲ್ಲ, ಇಡೀ ಪ್ರಪಂಚವನ್ನ ಕ್ರಿಸ್ತನ ಕಡೆ ತರಬೇಕು ಅಂತ ಇದ್ದಿದ್ದು. ಪುಸ್ತಕದ ಹೆಸರಲ್ಲೇ ಮತಾಂತರ ಇದೆ. ಅವರು ಯಾಕ್ ಬಂದ್ರು ಅಂದ್ರೆ ಮಾವ ಹೇಳಿದ್ದಕ್ಕೇ ಬಂದ್ರು, ಮುಚ್ಚುಮರೆ ಏನಿಲ್ಲ. ಔಷಧಿ ಕೊಡ್ತಾ ಕೊಡ್ತಾ ಬೋಧನೆ ಮಾಡ್ತಿದ್ರು, ಕರಪತ್ರ ಹಂಚ್ತಿದ್ರು. ಅವರ ವಂಶದಲ್ಲಿ ನಾಲ್ಕು ತಲೆಮಾರು ಸೇರಿ ನಲವತ್ತಕ್ಕೂ ಹೆಚ್ಚು ಜನ ಇದೇ ಕೆಲಸಕ್ಕೆ ಬಂದ್ರು. ನಮ್ಮಲ್ಲಿ ಪುರೋಹಿತರ ಮನೆ, ಕಮ್ಮಾರರ ಮನೆ ಇದ್ದಂಗೆ, ಅದು ಮಿಷನರಿ ಮನೆ, ಕಸುಬು ಅಂತ್ಲೇ ಅನ್ನಿ.

ಐಡಾ ಜೊತೆ ಬಂದ ಗೆಳತಿ ಆನಿ ಹ್ಯಾನ್‌ಕಾಕ್ ಅಂತ ಇದ್ರು, ಆಯಮ್ಮ ಬಂದಿದ್ದೇ ಮನೆ ಮನೆಗೆ ಹೋಗಿ ಹೆಂಗಸರ ಹತ್ರ ಬೈಬಲ್ ವಿಷಯ ಮಾತಾಡೋಕೆ. ಇವರು ದೇಹ ನೋಡ್ಕೊಳ್ಳೋದು, ಅವರು ಆತ್ಮ ನೋಡ್ಕೊಳ್ಳೋದು, ಕೆಲಸ ಹಂಚ್ಕೊಂಡಿದ್ರು. ಅಭಿಮಾನದಿಂದ ಬರೆಯೋರು ಇದನ್ನ ಬೇಗ ಬೇಗ ದಾಟಿ ಹೋಗ್ತಾರೆ, ಕೋಪದಿಂದ ಬರೆಯೋರು ಇದೊಂದನ್ನೇ ಹಿಡ್ಕೊಳ್ತಾರೆ. ನಂಗೆ ಎರಡೂ ಸರಿ ಅನ್ಸಲ್ಲ. ಒಬ್ಬ ಮನುಷ್ಯನಿಗೆ ಒಂದು ಕೆಲಸಕ್ಕೆ ಒಂದೇ ಕಾರಣ ಇರುತ್ತೆ ಅಂತ ಯಾರು ಹೇಳಿದ್ದು? ನಾನು ಅಮ್ಮನ್ನ ವೆಲ್ಲೂರಿಗೆ ಕರ್ಕೊಂಡು ಹೋಗಿದ್ದು ಪ್ರೀತಿಯಿಂದ್ಲೂ ಹೌದು, ಎಂಟು ತಿಂಗಳು ಗಮನ ಕೊಡ್ಲಿಲ್ಲ ಅನ್ನೋ ಅಪರಾಧಿ ಭಾವದಿಂದ್ಲೂ ಹೌದು, ಅಣ್ಣನ ಹೆಂಡ್ತಿ ಮುಂದೆ ನಾನೇ ಮಾಡಿದ್ದು ಅನ್ನಿಸ್ಕೊಳ್ಳೋಕೂ ಸ್ವಲ್ಪ ಹೌದು. ಇದನ್ನ ಯಾರಾದ್ರೂ ತೂಕಕ್ಕೆ ಹಾಕಿದ್ರೆ ನಾನು ಎಲ್ಲಿಗೆ ಹೋಗ್ಲಿ.

ಆದ್ರೆ ಮಾವನ ಲೆಕ್ಕದಲ್ಲಿ ಸೇರದೇ ಇರೋ ಒಂದು ವಿಷಯ ಇದೆ. ಆ ಮೂರು ಮನೆಯೋರಿಗೆ ಬೇಕಾಗಿದ್ದಿದ್ದು ಹೆಂಗಸು ಡಾಕ್ಟ್ರು, ಮೂರು ಮನೆಯೋರೂ ತಮ್ಮ ಧರ್ಮ ಬಿಡ್ಬೇಕಾಗಿರ್ಲಿಲ್ಲ. ಐಡಾ ಮಾಡಿದ್ದು ಅದನ್ನೇ. ಪರದೆ ಒಳಗಿನ ಹೆಂಗಸರನ್ನ ಹೊರಗೆ ಎಳೀಲಿಲ್ಲ, ಗಂಡಂದಿರ ಜೊತೆ ವಾದ ಮಾಡ್ಲಿಲ್ಲ, ಗೆರೆ ಎಲ್ಲಿತ್ತೋ ಅಲ್ಲೇ ಇರ್ಲಿ ಅಂತ ತಾನೇ ಓದಿ ಒಳಗೆ ಹೋದ್ಲು. ಅದನ್ನ ಮೆಚ್ಬೇಕೋ ಬೇಡ್ವೋ ಅನ್ನೋದ್ರಲ್ಲೂ ನಂಗೆ ಗೊಂದಲ ಇದೆ. ಗೆರೆ ಅಳಿಸೋ ಕೆಲಸ ಬೇರೆ ಯಾರಿಗೋ ಉಳೀತು. ನಮ್ಮಮ್ಮನ ತನಕ ಉಳ್ಕೊಂಡೇ ಇತ್ತು.

ಅದೇ ಕಾಲೇಜಲ್ಲಿ ಇನ್ನೊಬ್ಳು

ಐಡಾ ಡಾಕ್ಟರ್ ಓದೋಕೆ ಮೊದಲು ಸೇರಿದ್ದು ಫಿಲಡೆಲ್ಫಿಯಾದಲ್ಲಿದ್ದ ಹೆಂಗಸರ ಮೆಡಿಕಲ್ ಕಾಲೇಜು, ಆಮೇಲೆ ಕಾರ್ನೆಲ್‌ನಲ್ಲಿ ಹೆಣ್ಮಕ್ಕಳನ್ನೂ ಸೇರಿಸ್ಕೊಳ್ತೀವಿ ಅಂದಾಗ ಅಲ್ಲಿಗೆ ಹೋಗಿ 1899ರಲ್ಲಿ ಪಾಸಾದ್ಲು. ಫಿಲಡೆಲ್ಫಿಯಾ ಅಂತ ಓದಿದ ಕೂಡ್ಲೇ ಎಲ್ಲೋ ಕೇಳಿದೀನಲ್ಲ ಅನ್ನಿಸ್ತು. ಆನಂದಿಬಾಯಿ ಜೋಶಿ! ಅದೇ ಕಾಲೇಜಲ್ಲಿ ಐಡಾಗಿಂತ ಹತ್ತು ವರ್ಷ ಮುಂಚೆ, 1886ರಲ್ಲಿ, ಡಿಗ್ರಿ ತಗೊಂಡ ಮರಾಠಿ ಹುಡುಗಿ. ಒಂಬತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ಮಗು, ಆ ಮಗು ಹತ್ತು ದಿನಕ್ಕೆ ಹೋಯ್ತು. ಅವಳಿಗೆ ಬಾಗಿಲು ತಟ್ಟಿದ್ದು ಹಂಗೆ. ಹೊರಡೋಕೆ ಮುಂಚೆ ಸೆರಾಂಪುರದಲ್ಲಿ ಜನರ ಮುಂದೆ ನಿಂತು, ಹಿಂದೂ ಆಗೇ ಹೋಗ್ತೀನಿ ಹಿಂದೂ ಆಗೇ ವಾಪಸ್ ಬರ್ತೀನಿ ಅಂತ ಹೇಳಿ ಹೋದ್ಲು, ಮಾತು ಉಳಿಸ್ಕೊಂಡ್ಲು. ಮಾವಂಗೆ ಇದನ್ನ ಓದಿ ಹೇಳಿದಾಗ "ನೋಡ್ದಾ!" ಅಂದ್ರು, ಅವರಿಗೆ ಮ್ಯಾಚ್ ಗೆದ್ದಷ್ಟು ಖುಷಿ.

ಆದ್ರೆ ಮುಂದಿನದು ಓದಿ ಇಬ್ರೂ ಸುಮ್ಮನಾದ್ವಿ. ಆನಂದಿಬಾಯಿಗೆ ಕೊಲ್ಹಾಪುರದ ಆಸ್ಪತ್ರೇಲಿ ಹೆಂಗಸರ ವಾರ್ಡಿನ ಕೆಲಸ ಸಿಕ್ಕಿತ್ತು. ಕ್ಷಯ ಹಿಡ್ಕೊಂಡಿತ್ತು, ಕೆಲಸಕ್ಕೆ ಹೋಗೋಕೆ ಮುಂಚೆ 1887ರಲ್ಲಿ ತೀರ್ಕೊಂಡ್ಲು, ಇಪ್ಪತ್ತೆರಡೂ ತುಂಬಿರ್ಲಿಲ್ಲ. ಕಿವಿಗೆ ಕೂಗು ಬೀಳೋಕೆ ಕ್ರಿಶ್ಚಿಯನ್ನೇ ಆಗಿರ್ಬೇಕು ಅಂತಿಲ್ಲ, ಅವಳೇ ಸಾಕ್ಷಿ. ವ್ಯತ್ಯಾಸ ಇದ್ದಿದ್ದು ಹಿಂದೆ ಯಾರಿದ್ರು ಅನ್ನೋದ್ರಲ್ಲಿ. ಅವಳ ಹಿಂದೆ ಒಬ್ಬ ಗಂಡ, ಹಠಮಾರಿ, ಬೇರೆ ದೇಶದ ಒಂದಿಬ್ರು ಹಿತೈಷಿಗಳು. ಐಡಾ ಹಿಂದೆ ಊರೂರಿನ ಚರ್ಚುಗಳ ಹೆಂಗಸರ ಸಂಘಗಳಿದ್ವು, ಚಿಲ್ಲರೆ ಕೂಡಿಸಿ ಕಳಿಸೋರು, ಪತ್ರ ಬರೆಯೋರು, ಒಬ್ಳು ಸತ್ರೆ ಇನ್ನೊಬ್ಳನ್ನ ಹುಡುಕಿ ಹಡಗು ಹತ್ಸೋರು. ಮಿಷನ್ ಅಂದ್ರೆ ಆ ರಾತ್ರಿಯ ಕೂಗಿಗಿಂತ ಹೆಚ್ಚಾಗಿ ಇದೇ ಅಂತ ನಂಗೆ ಈಗ ಅನ್ಸುತ್ತೆ, ಈ ಚೀಟಿ ಫಂಡು.

ಚೀಟಿ ಫಂಡಿಗೂ ಮೀರಿದ್ದು ಒಂದು ಸಲ ಬಂತು. ಹೊರಡೋಕೆ ಮುಂಚೆ ಆಸ್ಪತ್ರೆಗೆ ಅಂತ ದುಡ್ಡು ಎತ್ತೋಕೆ ನ್ಯೂಯಾರ್ಕಲ್ಲಿ ಒಬ್ಬ ಹೆಂಗಸಿನ ಹತ್ರ ಮಾತಾಡ್ತಾ ತಿಂಡಿವನಂ ರಾತ್ರಿ ಕಥೆ ಹೇಳ್ತಿದ್ಲಂತೆ, ಪಕ್ಕದ ರೂಮಲ್ಲಿ ಆ ಹೆಂಗಸಿನ ಭಾವ ಕೂತಿದ್ದ, ಶೆಲ್ ಅಂತ, ಬ್ಯಾಂಕ್ ಯಜಮಾನ, ಕೈ ಬಿಗಿ ಮನುಷ್ಯ. ಗೋಡೆ ಆಚೆಯಿಂದ ಕೇಳಿಸ್ಕೊಂಡು ಮಾರನೇ ದಿನ ಕರೆಸಿ ತೀರಿಹೋದ ಹೆಂಡ್ತಿ ಹೆಸರಲ್ಲಿ 10,000 ಡಾಲರ್ ಕೊಟ್ಟ. 1900ರಲ್ಲಿ ವೆಲ್ಲೂರಲ್ಲಿ ಅಪ್ಪನ ಬಂಗಲೇಲೇ ಒಂದು ಪುಟ್ಟ ರೂಮು, ಒಂದು ಹಾಸಿಗೆ ಇಟ್ಕೊಂಡು ಶುರು ಮಾಡಿದ್ದು, ಯಾರ ಜೊತೇಲಿದ್ದು ಕಲಿಬೇಕು ಅಂದ್ಕೊಂಡಿದ್ಲೋ ಆ ಅಪ್ಪ ಅದೇ ವರ್ಷ ತೀರಿಕೊಂಡ್ರು. 1902ಕ್ಕೆ 40 ಹಾಸಿಗೆ ಆಸ್ಪತ್ರೆ, ಮೇರಿ ಟೇಬರ್ ಶೆಲ್ ಆಸ್ಪತ್ರೆ. ಕೋಲಾರದಲ್ಲಿ ನಾನು ಹುಟ್ಟಿದ ಆಸ್ಪತ್ರೆ ಇಟಿಸಿಎಂ, ನಾವು ಯಾವತ್ತೂ ಬಿಡಿಸಿ ಹೇಳ್ದೇ ಇರೋ ಹೆಸರು, ಅದೂ ಹಂಗೇ, ಎಲೆನ್ ಥೋಬರ್ನ್ ಕೋವೆನ್ ಅನ್ನೋ ಹೆಂಗಸಿನ ನೆನಪಿಗೆ ಮೆಥಡಿಸ್ಟ್ ಮಿಷನ್‌ನೋರು ಇಟ್ಟಿದ್ದು. ಮೇರಿ ಟೇಬರ್ ಹೆಸರು ಇದೆ, ಎಲೆನ್ ಥೋಬರ್ನ್ ಹೆಸರು ಇದೆ. ತಿಂಡಿವನಂನಲ್ಲಿ ಅವತ್ತು ರಾತ್ರಿ ಸತ್ತ ಮೂರು ಹುಡುಗಿಯರ ಹೆಸರು ಎಲ್ಲೂ ಇಲ್ಲ, ನಾನು ತುಂಬಾ ಹುಡುಕ್ದೆ. ಬ್ರಾಹ್ಮಣನ ಹೆಂಡ್ತಿ, ಮುಸ್ಲಿಮನ ಹೆಂಡ್ತಿ, ಅಷ್ಟೇ. ಈ ಕಥೇಲಿ ನಂಗೆ ಯಾವಾಗ್ಲೂ ಚುಚ್ಚೋದು ಅದೇ. ಒಬ್ಳ ಬದುಕು ಬದಲಾಗೋಕೆ ಮೂರು ಜನ ಬಂದು ಸತ್ತು ಹೋದ ಹಾಗೆ ಬರೀತಾರೆ, ಅವರ ಕಡೆಯಿಂದ ಬರೆದೋರು ಯಾರೂ ಇಲ್ಲ.

ಬೈಕೊಂಡೇ ಹೋದೋರು

ಅಮ್ಮನ ಆಪರೇಷನ್ ಮಾಡಿದ ತಂಡದಲ್ಲಿ ಒಬ್ಬ ಚಿಕ್ಕ ಡಾಕ್ಟ್ರು ಇದ್ರು, ನಾರ್ತ್ ಈಸ್ಟಿನೋರು, ಮೂವತ್ತರ ಆಸುಪಾಸು. ಐದನೇ ದಿನ ಡ್ರೆಸಿಂಗ್ ನೋಡೋಕೆ ಬಂದಾಗ ನಾನು ಸುಮ್ನಿರ್ದೆ ಕೇಳಿದೆ, ನೀವು ಇಲ್ಲೇ ಓದಿದ್ದಾ ಅಂತ. ಹೌದು ಅಂದ್ರು, ಚರ್ಚು ಸ್ಪಾನ್ಸರ್ ಮಾಡಿತ್ತು, ಓದು ಮುಗಿದ ಮೇಲೆ ಎರಡು ವರ್ಷ ಮಿಷನ್ ಆಸ್ಪತ್ರೇಲಿ ಕೆಲಸ ಮಾಡ್ಲೇಬೇಕು, ಹೋಗಿದ್ದೆ. ಎಲ್ಲಿ ಅಂದೆ. ಒಂದು ಗುಡ್ಡದ ಊರಿನ ಹೆಸರು ಹೇಳಿದ್ರು, ನೆನಪಿಲ್ಲ. ದೇವರ ಕೆಲಸ ಅಂತ ಖುಷಿಯಿಂದ ಹೋಗಿರ್ತೀರ ಅಲ್ವಾ ಅಂದೆ, ನಾನು ಮನಸಲ್ಲೇ ಈ ಬರಹ ಬರೀತಿದ್ದೆ ಅನ್ಸುತ್ತೆ ಆಗ್ಲೇ. ಅವರು ಕೈಗ್ಲೌಸ್ ಬಿಚ್ತಾ ನಕ್ಕು, "ಮೊದಲನೇ ವರ್ಷ ಪೂರ್ತಿ ಬೈಕೊಂಡೇ ಇದ್ದೆ. ಕರೆಂಟಿಲ್ಲ, ಬ್ಲಡ್ ಬ್ಯಾಂಕಿಲ್ಲ, ಬ್ಯಾಚಿನೋರೆಲ್ಲ ಪಿಜಿ ಓದ್ತಿದಾರೆ. ಎರಡನೇ ವರ್ಷ ಬೈಯೋಕೆ ಟೈಮ್ ಇರ್ಲಿಲ್ಲ" ಅಂದ್ರು. ನಾನು ಮೂರನೇ ವರ್ಷ ಅಂತ ಶುರು ಮಾಡೋ ಅಷ್ಟರಲ್ಲಿ ಮುಂದಿನ ಹಾಸಿಗೆಗೆ ಹೋದ್ರು.

ಐಡಾ ಕಥೇಲಿ ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಈ ಭಾಗ, ಹುಡುಗಿಯರಿಗೆ ಕಲಿಸಿದ್ದು. 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಮಕ್ಕಳಿಗೆ ಅಂತ್ಲೇ ಮೆಡಿಕಲ್ ಸ್ಕೂಲು. ಸರ್ಕಾರದ ದೊಡ್ಡ ಡಾಕ್ಟ್ರು, ಆರು ಹುಡುಗಿಯರು ಸಿಕ್ರೆ ಶುರು ಮಾಡ್ರಮ್ಮ ಅಂತ ನಕ್ಕಿದ್ರಂತೆ. 151 ಅರ್ಜಿ ಬಂತು. 17 ಜನ ಸೇರಿದ್ರು, 1922ರಲ್ಲಿ 14 ಜನ ಡಾಕ್ಟ್ರಾಗಿ ಹೊರಗೆ ಬಂದ್ರು. ಆ 151 ಅರ್ಜಿ ಹಾಕಿದ ಹುಡುಗಿಯರ ಮನೇಲಿ ಅವತ್ತು ಏನೇನ್ ಮಾತಾಯ್ತೋ, ಯಾರ್ಯಾರು ಅಳೋದು ನಡೀತೋ, ಅದನ್ನ ಯಾರಾದ್ರೂ ಬರೆದಿದ್ರೆ ಎಷ್ಟು ಚೆನ್ನಾಗಿತ್ತು. ವಿದೇಶದಿಂದ ಬಂದು ಮಾಡೋ ಸೇವೆ ಅನ್ನೋದು ವಿದೇಶದೋರು ಇಲ್ದೆ ನಡೆಯೋ ಹಂಗೆ ಆಗಿದ್ದು ಆ ಹದಿನಾಲ್ಕು ಜನರಿಂದ. ಅದಕ್ಕೆ ಮುಂಚೆ ಐಡಾ ವಾರಕ್ಕೊಂದ್ಸಲ ಗಾಡೀಲಿ, 1909ರ ಮೇಲೆ ಒಂದು ಪೆಜೋ ಕಾರಲ್ಲಿ, ಗುಡಿಯಾತ್ತಂ ಕಡೆ ರೋಡ್ ಉದ್ದಕ್ಕೂ ಮರದ ಕೆಳಗೆ ನಿಲ್ಸಿ ನಿಲ್ಸಿ ಔಷಧಿ ಕೊಡ್ತಿದ್ರು. ಕಾರು ಕಂಡ ಜನ ದೆವ್ವ ಅಂತ ಹೊಲಕ್ಕೆ ಓಡಿಹೋಗಿದ್ರಂತೆ, ವಾರ ಕಳೆದ್ರೆ ಅದೇ ಜನ ಹುಣ್ಣು ತೋರಿಸೋಕೆ ಸಾಲಲ್ಲಿ. ಮದುವೆ ಆಗ್ಲಿಲ್ಲ, 1960ರಲ್ಲಿ ಕೊಡೈಕನಾಲ್‌ನಲ್ಲಿ 89ನೇ ವಯಸ್ಸಲ್ಲಿ ತೀರಿಹೋದ್ರು. ಬರೀ "ಡಾ. ಐಡಾ, ಇಂಡಿಯಾ" ಅಂತ ಬರೆದ ಕಾಗದ ಸೀದಾ ಅವರ ಕೈ ಸೇರಿತ್ತು ಅಂತಾರೆ, ಈಗಿನ ಕೊರಿಯರ್‌ನೋರು ಪಿನ್‌ಕೋಡ್ ಇದ್ರೂ ಮೂರು ಸಲ ಫೋನ್ ಮಾಡ್ತಾರೆ.

ಸೇವೆ ಮಾಡಿಸ್ಕೊಳ್ಳೋಕಲ್ಲ, ಸೇವೆ ಮಾಡೋಕೆ, ಅನ್ನೋದು ಆ ಕಾಲೇಜಿನ ಧ್ಯೇಯವಾಕ್ಯ, ಯೇಸು ಮಾತು, ಮಾರ್ಕನ ಸುವಾರ್ತೇಲಿ ಬರುತ್ತೆ. ಮಾವ ಅದನ್ನ ನೋಡಿ, ನಮ್ಮಲ್ಲೂ ಕಾಯಕ ಅಂತ ಇದೆ ಅಂದ್ರು. ಇದೆ ಮಾವ, ಅಂದೆ. ಇಬ್ರೂ ಮುಂದೆ ಮಾತಾಡ್ಲಿಲ್ಲ, ಇಬ್ರಿಗೂ ಊರಿನ ಆಸ್ಪತ್ರೆ ನೆನಪಾಗಿರ್ಬೇಕು.

ಹನ್ನೊಂದನೇ ದಿನ ಹೊರಟ್ವಿ. ಬಯಾಪ್ಸಿ ರಿಪೋರ್ಟಲ್ಲಿ ಕೆಟ್ಟದ್ದೇನೂ ಇರ್ಲಿಲ್ಲ. ಮಾವ ಕಾಟ್ಪಾಡಿ ಸ್ಟೇಷನ್ನಲ್ಲಿ ಇಡ್ಲಿ ಕಟ್ಟಿಸ್ಕೊಂಡು ಬಂದ್ರು, ಅಮ್ಮ ಕಿಟಕಿ ಪಕ್ಕ ಹೊಟ್ಟೆ ಮೇಲೆ ಕೈ ಇಟ್ಕೊಂಡು ಕೂತಿದ್ಲು, ತಾಳಿ ಬಳೆ ಮತ್ತೆ ಹಾಕ್ಕೊಂಡಿದ್ಲು, ಕಾಲುಂಗುರ ಮಾತ್ರ ಕಾಲು ಊದಿದ್ದಕ್ಕೆ ಹೋಗ್ತಿರ್ಲಿಲ್ಲ, ಕರ್ಚೀಫಲ್ಲೇ ಇತ್ತು. ಜೋಲಾರಪೇಟೆ ದಾಟಿದ ಮೇಲೆ ಇದ್ದಕ್ಕಿದ್ದಂಗೆ ಕೇಳಿದ್ಲು.

"ಅವತ್ತು ಒಳಗೆ ಕರ್ಕೊಂಡ್ ಹೋಗೋವಾಗ ಆ ಹುಡುಗಿ ಏನ್ ಕೇಳ್ಕೊಂಡ್ಲೇ?"

ನಾನು ಫಾರ್ಮಿಗೆ ಸೈನ್ ಹಾಕ್ತಿದ್ದೆ, ಕೇಳಿಸ್ಕೊಂಡಿರ್ಲಿಲ್ಲ, ಕೇಳಿಸ್ಕೊಂಡಿದ್ರೂ ನಂಗೆ ಮಲಯಾಳಂ ಬರಲ್ಲ. "ನೀನು ಬೇಗ ಹುಷಾರಾಗ್ಲಿ ಅಂತ ಕೇಳ್ಕೊಂಡ್ಲು ಕಣಮ್ಮ" ಅಂದೆ.

ಅಮ್ಮ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದ್ಲು. "ಅಷ್ಟೇನಾ?" ಅಂದ್ಲು. "ಅಷ್ಟುದ್ದ ಹೇಳಿದ್ಲಲ್ಲ."